ಹಡಗಿನಡಿ ಮಲಗಿದ ಹುಡುಗಿ

ಮದರಾಸು ಬಂದರು

ನಾನು ಪುತ್ತೂರು ಪೇಟೆಯಲ್ಲಿ ಎಲೆ, ಅಡಿಕೆ, ಸುಣ್ಣ, ಕಾಚು ಮಾರುವವನು. ಅಂಥವನು ಸಮುದ್ರ ದಾಟಿ ಸುಮಾತ್ರಕ್ಕೆ ಯಾಕೆ ಹೋದ ಎಂದು ಅಂಗಡಿಗೆ ಬಂದವರು ಈಗಲೂ ಕೇಳುತ್ತಾರೆ. ಹೋದದ್ದು ಕಾಚಿಗೆ. ವೀಳ್ಯದ ಜೊತೆ ಜಗಿಯುವ ಒಳ್ಳೆಯ ಕಾಚು ಆ ದ್ವೀಪದ ಗುಡ್ಡಗಳಿಂದ ಬರುತ್ತದೆ. ಎರಡು ವರ್ಷದಿಂದ ಬಂದದ್ದರಲ್ಲಿ ಕಾಚಿಗಿಂತ ಮಣ್ಣೇ ಹೆಚ್ಚು. ಕೇಳಿದರೆ ಮದರಾಸಿನ ದಲ್ಲಾಳಿ ಸಿಂಗಾಪುರದವರ ಕಡೆ ಬೆರಳು ತೋರಿಸುತ್ತಿದ್ದ, ಅವರು ಇನ್ನೊಬ್ಬರ ಕಡೆ. ನನಗೆ ರೋಸಿಹೋಯಿತು. ಕಾಚು ಬೇಯಿಸುವವರ ಮುಖವನ್ನೇ ನೋಡಿ ಬರುತ್ತೇನೆ ಎಂದು ಹೊರಟೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನನಗೆ ಐವತ್ತು ದಾಟಿತ್ತು. ಬುದ್ಧಿ ಬಂದಿದೆ ಎಂದು ನಾನೂ ತಿಳಿದಿದ್ದೆ.

ತುಳು, ಕನ್ನಡ, ಮಲಯಾಳ, ಬ್ಯಾರಿ, ಸುಳ್ಯದ ಗೌಡರು ಬಂದರೆ ಅರೆಭಾಷೆ, ಇಷ್ಟರಲ್ಲಿ ನನ್ನ ವ್ಯಾಪಾರ ನಡೆಯುತ್ತದೆ. ಇಂಗ್ಲಿಷ್ ಬಾರದು. ಆದ್ದರಿಂದ ತಂಗಿಯ ಮಗಳು ವಾರಿಜಳನ್ನು ಜೊತೆಗೆ ಕರೆದುಕೊಂಡೆ. ಅವಳು ಬಿ.ಎ. ಮುಗಿಸಿ ನಮ್ಮೂರು ಪಂಜದಲ್ಲಿ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ನನ್ನ ತಂಗಿ ಲೀಲಾ ಮದುವೆಯಾದ ಐದೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಎರಡು ವರ್ಷದ ವಾರಿಜಳನ್ನು ಸೊಂಟದಲ್ಲಿ ಇಟ್ಟುಕೊಂಡು ಪಂಜದ ನಮ್ಮ ಮನೆಗೆ ಬಂದವಳು. ನನ್ನ ಮಗ ಪದ್ಮನಾಭ ಆಗ ಅಂಬೆಗಾಲಿನ ಕೂಸು. ಇಬ್ಬರೂ ಒಂದೇ ಸೂರಿನಡಿ ಬೆಳೆದರು.

ನಮ್ಮದು ಅಳಿಯಕಟ್ಟಿನ ಮನೆತನ. ಆಸ್ತಿ ಹೋಗುವುದು ಹೆಣ್ಣಿನ ಸಂತಾನಕ್ಕೆ, ಯಜಮಾನಿಕೆ ಮಾಡುವುದು ಸೋದರಮಾವ. ಈಗ ಕಾನೂನು ಬದಲಾಗಿದೆ. ನನ್ನ ಪಾಲು ನನ್ನ ಮಕ್ಕಳಿಗೆ, ತಂಗಿಯ ಪಾಲು ಅವಳ ಮಕ್ಕಳಿಗೆ. ಹಾಗಾದರೆ ಮನೆ ಎರಡಾಗುತ್ತದೆ. ಅದಕ್ಕೆ ನಾನೊಂದು ಉಪಾಯ ಕಂಡುಹಿಡಿದಿದ್ದೆ. ವಾರಿಜಳನ್ನು ಪದ್ಮನಾಭನಿಗೆ ಮಾಡಿಕೊಂಡರೆ ಎಲ್ಲ ಒಂದೇ ಕಡೆ ಉಳಿಯುತ್ತದೆ. ಸೋದರಮಾವನ ಮಗನಿಗೆ ಕೊಡುವುದು ನಮ್ಮಲ್ಲಿ ಹೊಸತೇನೂ ಅಲ್ಲ. ಜೋಯಿಸರನ್ನು ಕೇಳಿದ್ದಾಗಿತ್ತು, ಮನೆಯ ದೈವದ ಮುಂದೆ ಹೇಳಿಕೊಂಡದ್ದಾಗಿತ್ತು, ನನ್ನ ಹೆಂಡತಿಯೂ ಹೂಂ ಅಂದಿದ್ದಳು. ನಾವು ತಿರುಗಿ ಬಂದ ವಾರದಲ್ಲೇ ನಿಶ್ಚಯ ಎಂದು ದಿನ ಗೊತ್ತುಮಾಡಿ ಹಡಗು ಹತ್ತಿದೆ.

ಹಡಗಿನಲ್ಲಿ ನನ್ನ ಯಜಮಾನಿಕೆ ಎರಡು ಗಂಟೆ ನಡೆಯಿತು. ಆಮೇಲೆ ಹೊಟ್ಟೆ ತೊಳಸಲು ಶುರುವಾಯಿತು. ಕುಮಾರಧಾರೆಯಲ್ಲಿ ದೋಣಿ ದಾಟಿದ ಅನುಭವ ಬಂಗಾಳ ಕೊಲ್ಲಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ವಾರಿಜ ನನ್ನ ತಲೆ ಹಿಡಿದುಕೊಂಡು, ಲೀಲಾ ಕಟ್ಟಿಕೊಟ್ಟ ನಿಂಬೆ ಉಪ್ಪಿನಕಾಯಿಯನ್ನು ನಾಲಗೆಗೆ ಹಚ್ಚಿ, ಗಂಜಿ ಕುಡಿಸಿ, ನನ್ನನ್ನು ಒಂದು ವಾರ ಮಗುವಿನ ಹಾಗೆ ನೋಡಿಕೊಂಡಳು. ಇಂಥ ಹುಡುಗಿ ಮನೆಯ ಹೊರಗೆ ಹೋಗಬಾರದು ಎಂಬ ನನ್ನ ಯೋಚನೆ ಅಲ್ಲಿ ಇನ್ನಷ್ಟು ಗಟ್ಟಿಯಾಯಿತು.

ಗುಡ್ಡದ ಮೇಲಿನ ಮನೆ

ಸಿಂಗಾಪುರದಿಂದ ಸಣ್ಣ ವಿಮಾನದಲ್ಲಿ ಪಾಡಾಂಗ್ ಎಂಬ ಪಟ್ಟಣ, ಅಲ್ಲಿಂದ ಬಸ್ಸಿನಲ್ಲಿ ಗುಡ್ಡ. ದಾರಿಯ ತಿರುವುಗಳು ಗುಂಡ್ಯದಿಂದ ಘಾಟಿ ಹತ್ತಿದ ಹಾಗೆಯೇ ಇದ್ದವು. ನಾವು ಹೋದ ಮನೆ ಮರದ ಕಂಬಗಳ ಮೇಲೆ ನಿಂತ ಉದ್ದನೆಯ ಮನೆ. ಮಾಡಿನ ಎರಡು ತುದಿ ಕೋಣನ ಕೊಂಬಿನ ಹಾಗೆ ಆಕಾಶಕ್ಕೆ ಎದ್ದಿತ್ತು. ಕಂಬಳದ ಊರಿನವನಿಗೆ ಅದನ್ನು ನೋಡಿಯೇ ಖುಷಿಯಾಯಿತು.

ಬಾಗಿಲಲ್ಲಿ ಒಬ್ಬರು ಒಳ್ಳೆಯ ಮೀಸೆಯ, ಇಸ್ತ್ರಿ ಅಂಗಿಯ ಗಂಡಸು ನಿಂತು ಸ್ವಾಗತಿಸಿದರು. ಹೆಸರು ಜಮಾಲ್, ಶಾಲೆಯ ಮಾಸ್ತರು, ಇಂಗ್ಲಿಷ್ ಬಲ್ಲವರು. ನನ್ನ ಕಾಗದಗಳಿಗೆ ಉತ್ತರ ಬರೆದವರೂ ಅವರೇ. ಇವರೇ ಯಜಮಾನರು ಎಂದುಕೊಂಡು ನಾನು ಒಂದು ಗಂಟೆ ಕಾಚಿನ ವಿಷಯ ಮಾತಾಡಿದೆ. ಮಣ್ಣಿನ ವಿಷಯವನ್ನು ಸ್ವಲ್ಪ ಜೋರಾಗಿಯೇ ಹೇಳಿದೆ. ವಾರಿಜ ಅದನ್ನು ಮೆತ್ತಗೆ ಮಾಡಿ ದಾಟಿಸಿದಳು. ಮಾಸ್ತರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಕೊನೆಗೆ ಸಂಕೋಚದಿಂದ ಏನೋ ಹೇಳಿದರು.

"ಮಾವ, ಇವರದ್ದು ಇಲ್ಲಿ ಎಂತದೂ ನಡಿಯುದಿಲ್ಲ ಅಂತೆ. ಇವರು ಈ ಮನೆಗೆ ಮದುವೆ ಆಗಿ ಬಂದ ಅಳಿಯ. ಮನೆ, ಗದ್ದೆ, ಕಾಚಿನ ಗುಡ್ಡ ಎಲ್ಲ ಒಳಗಿರುವ ಅಜ್ಜಿದು. ಅಜ್ಜಿಯಿಂದ ಮಗಳಿಗೆ ಹೋಗುದಂತೆ."

ನನಗೆ ನಾಚಿಕೆಯಾಯಿತು. ಬೇರೆ ಯಾರಾದರೂ ಮೀಸೆ ನೋಡಿ ಮೋಸ ಹೋಗಬಹುದು. ಅಳಿಯಕಟ್ಟಿನ ಮನೆಯಲ್ಲಿ ಹುಟ್ಟಿದವನು ಹೋಗಬಾರದಿತ್ತು. ಅವರು ಮುಸಲ್ಮಾನರು. ಐದು ಹೊತ್ತೂ ನಮಾಜು ಉಂಟು, ಆಸ್ತಿ ಮಾತ್ರ ತಾಯಿಯಿಂದ ಮಗಳಿಗೆ. ಕಣ್ಣೂರಿನ ಕೆಲವು ಮಾಪಿಳ್ಳೆ ಮನೆಗಳಲ್ಲೂ ಹೀಗೆಯೇ ಎಂದು ಈಶ್ವರಮಂಗಲದ ಒಬ್ಬರು ಬ್ಯಾರಿ ವ್ಯಾಪಾರಿ ನನಗೆ ಹಿಂದೆ ಹೇಳಿದ್ದರು. ನಾನು ನಂಬಿರಲಿಲ್ಲ.

ಹರಿವಾಣ

ಅಜ್ಜಿಯ ಹೆಸರು ರೊಹಾನಾ. ಎಪ್ಪತ್ತು ದಾಟಿದ, ಹಲ್ಲಿಲ್ಲದ, ಕಣ್ಣು ಚುರುಕಾದ ಹೆಂಗಸು. ಸೊಂಟದಲ್ಲಿ ಭತ್ತದ ಕಣಜದ ಬೀಗದ ಕೈ. ಬರಿಗೈಯಲ್ಲಿ ಹೋಗಬಾರದೆಂದು ನಾನು ಊರಿನಿಂದ ಕಂಚಿನ ಹರಿವಾಣ ಒಂದನ್ನು, ಒಂದು ಚೀಲ ಬಿಸಿಲಲ್ಲಿ ಒಣಗಿಸಿದ ಚಾಲಿ ಅಡಿಕೆಯನ್ನು ಒಯ್ದಿದ್ದೆ. ದಾರಿಯ ಸಂತೆಯಲ್ಲಿ ವೀಳ್ಯದೆಲೆ ಕೊಂಡಿದ್ದೆ. ಎಲೆಯನ್ನು ತುದಿ ಒಂದೇ ಕಡೆ ಬರುವಂತೆ ಜೋಡಿಸಿ, ನಡುವೆ ಅಡಿಕೆಯಿಟ್ಟು, ವಾರಿಜಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹರಿವಾಣವನ್ನು ಎರಡೂ ಕೈಯಿಂದ ಅಜ್ಜಿಯ ಮುಂದೆ ಸರಿಸಿದೆ. ಮರ್ಯಾದೆ ಅಂದರೆ ಹಾಗೆಯೇ ಅಲ್ಲವೇ?

ಅಜ್ಜಿ ಹರಿವಾಣ ನೋಡಿದರು, ನನ್ನನ್ನು ನೋಡಿದರು, ವಾರಿಜಳನ್ನು ತುಂಬಾ ಹೊತ್ತು ನೋಡಿದರು. ಒಳಗಿನಿಂದ ಹೆಂಗಸರು ಒಬ್ಬೊಬ್ಬರಾಗಿ ಬಂದು ಗೋಡೆಗೊರಗಿ ನಿಂತರು. ಇವಳು ನಿಮಗೆ ಏನಾಗಬೇಕು ಎಂದು ಕೇಳಿದಾಗ, ತಂಗಿಯ ಮಗಳು, ನಾನು ಸೋದರಮಾವ ಎಂದು ಹೇಳಿಸಿದೆ. ಆ ಕೂಡಲೇ ಎಲ್ಲರ ಮುಖ ಅರಳಿತು. ಸ್ವಲ್ಪ ಹೊತ್ತಿನಲ್ಲಿ ಅಜ್ಜಿಯ ಮೊಮ್ಮಗ ರುಸ್ಲಾನ್ ಎಂಬ ಇಪ್ಪತ್ತೈದರ ತರುಣ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ಬಂದು ನಮಗೆ ಕಾಫಿ ಕೊಟ್ಟ. ಕೊಟ್ಟವನೇ ತಲೆ ಎತ್ತದೆ ಒಳಗೆ ಓಡಿದ. ಪಾಪ, ನಾಚಿಕೆಯ ಸ್ವಭಾವ ಎಂದುಕೊಂಡೆ.

ಎರಡನೇ ದಿನ, ಬೆಳಿಗ್ಗೆ

ಮರುದಿನ ಬೆಳಿಗ್ಗೆ ಕಪ್ಪು ಟೋಪಿಯ ಮೂವರು ಹಿರಿಯರು ಬಂದು ಸಾಲಾಗಿ ಕುಳಿತರು. ರುಸ್ಲಾನನ ಸೋದರಮಾವಂದಿರು ಎಂದು ಮಾಸ್ತರು ಪರಿಚಯಿಸಿದರು. ನಾನು ಕಾಚಿನ ಮಾತಿಗೆ ಬಂದಿದ್ದಾರೆ ಎಂದು ನೆಟ್ಟಗೆ ಕುಳಿತೆ. ಒಬ್ಬರು ನಿಧಾನವಾಗಿ, ಗೌರವದಿಂದ ಬಹಳ ಹೊತ್ತು ಮಾತಾಡಿದರು. ಮಾಸ್ತರು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ವಾರಿಜ ಸೀರೆಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆಯೇ ಎಂದು ನೋಡಿದರೆ ನಗು.

"ಎಂತ ಮಾರಾಯ್ತಿ, ಹೇಳು."

"ಹುಡುಗಿ ಒಳ್ಳೆಯವಳು, ಓದಿದವಳು, ನಮಗೆ ಸಂತೋಷವೇ ಅಂತೆ. ಆದ್ರೆ ದೂರ ಆಯ್ತು, ಮತ್ತೆ ಧರ್ಮವೂ ಬೇರೆ. ರುಸ್ಲಾನ್ ಪಂಜದ ನಮ್ಮ ಮನೆಗೆ ಬಂದು ಇರ್ಬೇಕಾದ್ರೆ ಎಲ್ಲ ವಿಚಾರ ಮಾಡ್ಬೇಕು, ನೀವು ಬೇಜಾರು ಮಾಡ್ಬಾರ್ದು ಅಂತೆ. ಮಾವ, ನೀವು ನಿನ್ನೆ ನನಗೆ ಗಂಡು ಕೇಳಿದ್ದಂತೆ."

ಆಮೇಲೆ ಮಾಸ್ತರು ಬಿಡಿಸಿ ಹೇಳಿದರು. ಅಲ್ಲಿ ಗಂಡಿನ ಕಡೆಯವರು ಹೆಣ್ಣು ಕೇಳುವುದಿಲ್ಲ. ಹೆಣ್ಣಿನ ಕಡೆಯವರೇ ಹೋಗಿ ಗಂಡು ಕೇಳುತ್ತಾರೆ. ಹುಡುಗಿಯ ಸೋದರಮಾವ ವೀಳ್ಯ ಅಡಿಕೆಯ ತಟ್ಟೆ ಹಿಡಿದು ಹುಡುಗನ ಮನೆಯ ಹಿರಿಯಳ ಮುಂದೆ ಇಟ್ಟರೆ ಅದಕ್ಕೆ ಬೇರೆ ಅರ್ಥವೇ ಇಲ್ಲ. ನಾನು ಸಮುದ್ರ ದಾಟಿ, ತಂಗಿಯ ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಕಂಚಿನ ಹರಿವಾಣದಲ್ಲೇ ಕೇಳಿಬಿಟ್ಟಿದ್ದೆ. ಊರಿಡೀ ಗೊತ್ತಾಗಿತ್ತು, ನನ್ನೊಬ್ಬನಿಗೆ ಬಿಟ್ಟು.

ನಾನು ಎದ್ದು ನಿಂತು ಕೈಮುಗಿದು ಕ್ಷಮೆ ಕೇಳಿದೆ. ಆ ಹಿರಿಯರಿಗೆ ನನಗಿಂತ ಹೆಚ್ಚು ಸಮಾಧಾನವಾದಂತೆ ಕಂಡಿತು. ಅಜ್ಜಿ ಹಲ್ಲಿಲ್ಲದ ಬಾಯಿಬಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ರುಸ್ಲಾನ್ ಆ ದಿನ ಮತ್ತೆ ಕಾಣಿಸಲಿಲ್ಲ.

ಅದೇ ದಿನ, ಊಟದ ಮೇಲೆ

ಊಟವಾದ ಮೇಲೆ ಅಜ್ಜಿ ಸಣ್ಣ ಹಿತ್ತಾಳೆ ಒರಳಿನಲ್ಲಿ ನಮ್ಮ ಅಡಿಕೆಯನ್ನು ಕುಟ್ಟುತ್ತಾ ಕುಳಿತರು. ಅವರ ಮಾತು ಮಾಸ್ತರಿಗೆ, ಮಾಸ್ತರ ಇಂಗ್ಲಿಷ್ ವಾರಿಜಳಿಗೆ, ವಾರಿಜಳ ತುಳು ನನಗೆ. ಹೀಗೆ ಮೂರು ಮನೆ ದಾಟಿ ಮಾತು ಬರುತ್ತಿತ್ತು. ಅವರ ಹಿರಿಯರು ಬಂದಾಗ ಲೋಕವೆಲ್ಲ ನೀರಂತೆ. ಎದುರಿನ ದೊಡ್ಡ ಬೆಂಕಿಬೆಟ್ಟ ಆಗ ನೀರಿನ ಮೇಲೆ ಕೋಳಿಮೊಟ್ಟೆಯಷ್ಟೇ ಕಾಣುತ್ತಿತ್ತಂತೆ. ನಿಮ್ಮ ನೆಲ ಹೇಗೆ ಆಯಿತು ಎಂದು ಕೇಳಿದರು. ಋಷಿಯೊಬ್ಬ ಗುಡ್ಡದ ಮೇಲಿಂದ ಕೊಡಲಿ ಎಸೆದ, ಸಮುದ್ರ ಅಷ್ಟು ದೂರ ಹಿಂದೆ ಸರಿಯಿತು, ಅಲ್ಲಿ ನಮ್ಮ ಊರು ಎದ್ದಿತು ಎಂದೆ.

ಅಜ್ಜಿ ಕುಟ್ಟುವುದು ನಿಲ್ಲಿಸಿದರು. "ಹಾಗಾದ್ರೆ ಹೆಂಗಸರು ಎಲ್ಲಿಂದ ಬಂದ್ರು ಅಂತ ಕೇಳ್ತಿದ್ದಾರೆ ಮಾವ," ಎಂದಳು ವಾರಿಜ.

ಹೆಂಗಸರ ಕತೆ ಬೇರೆ ಉಂಟು ಎಂದು ತಪ್ಪಿಸಿಕೊಂಡು, ಅಂಗಡಿಯಲ್ಲಿ ನೂರು ಸಲ ಹೇಳಿದ ನಮ್ಮ ಅಳಿಯಕಟ್ಟಿನ ಕತೆಯನ್ನು ಶುರುಮಾಡಿದೆ. ನಮ್ಮ ಅರಸನೊಬ್ಬ ಹಡಗು ಕಟ್ಟಿಸಿದ. ಅದು ನೀರಿಗೆ ಇಳಿಯದ ಹಾಗೆ ಭೂತವೊಂದು ಹಿಡಿದು ನಿಲ್ಲಿಸಿ, ನಿನ್ನ ಮಗನನ್ನು ಬಲಿ ಕೊಡು ಎಂದಿತು. ಹೆಂಡತಿ ಮಗನನ್ನು ಕೊಡುವುದಿಲ್ಲ ಎಂದು ತವರಿಗೆ ಹೋದಳು. ತಂಗಿ ಬಂದು, ಅಣ್ಣ, ನನ್ನ ಮಗನನ್ನು ತಕ್ಕೋ ಎಂದಳು. ಭೂತ ಮೆಚ್ಚಿ ಮಗುವನ್ನು ಬಿಟ್ಟಿತು, ಹಡಗು ತೇಲಿತು. ಅಂದಿನಿಂದ ಆಸ್ತಿ ಹೆಂಡತಿಯ ಮಕ್ಕಳಿಗಲ್ಲ, ತಂಗಿಯ ಮಕ್ಕಳಿಗೆ. ಹೆಂಡತಿಯ ಮಾತು ಬಂದಾಗ ನಾನು ಯಾವಾಗಲೂ ಮುಖ ಹುಳಿ ಮಾಡಿ ಹೇಳುತ್ತೇನೆ. ಅಲ್ಲಿಯೂ ಹಾಗೆಯೇ ಹೇಳಿದೆ.

ವಾರಿಜ ಹೇಳಿ ಮುಗಿಸುವಾಗ ಮಾಸ್ತರು ಅರ್ಧ ಎದ್ದು ಕುಳಿತಿದ್ದರು. ಅಜ್ಜಿ ಒರಳನ್ನು ಬದಿಗಿಟ್ಟರು. ಯಾಕೆಂದರೆ ಅವರದ್ದೂ ಹಡಗಿನ ಕತೆ. ಅವರ ಹಿರಿಯನ ಹಡಗು ಮರಳಿನಲ್ಲಿ ಹೂತು ನಿಂತಿತು. ಮನೆಯ ಬಸುರಿಯೊಬ್ಬಳು ಹಡಗಿನಡಿ ಉರುಳುಮರದ ಹಾಗೆ ಅಡ್ಡ ಮಲಗಿದರೆ ಮಾತ್ರ ಚಲಿಸುತ್ತದೆ ಎಂದು ಕಣಿಯವನು ಹೇಳಿದ. ಆ ಹಿರಿಯನ ಬಸುರಿ ಮಗಳು ಒಲ್ಲೆ ಎಂದಳು. ತಂಗಿಯ ಮಗಳೂ ಬಸುರಿ, ಅವಳು ಹೋಗಿ ಮಲಗಿದಳು. ಹಡಗು ಅವಳ ಮೇಲೆ ಹಾದುಹೋಯಿತು, ಅವಳಿಗೆ ಒಂದು ಗೀರೂ ಆಗಲಿಲ್ಲ. ಅದಕ್ಕೇ ಗದ್ದೆ ಮನೆ ಎಲ್ಲ ತಂಗಿಯ ಮಕ್ಕಳ ಕಡೆಗೆ.

ಎಲ್ಲಿಯ ಪಂಜ, ಎಲ್ಲಿಯ ಸುಮಾತ್ರ. ಉತ್ಸಾಹದಲ್ಲಿ ನಾನು ನಮ್ಮ ಮನೆಯ ವಿಷಯವನ್ನೂ ಹೇಳಿಸಿದೆ. ನಮ್ಮ ಮನೆಯೂ ಒಡೆಯುವುದರಲ್ಲಿತ್ತು, ಈ ಹುಡುಗಿ ನನ್ನ ಮಗನನ್ನು ಮದುವೆಯಾಗಿ ಅದನ್ನು ಉಳಿಸುತ್ತಾಳೆ, ಮುಂದಿನ ತಿಂಗಳೇ ನಿಶ್ಚಯ ಎಂದೆ. ವಾರಿಜ ಅದನ್ನು ಒಂದೂ ಶಬ್ದ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು.

ಅಜ್ಜಿ ನನ್ನನ್ನು ಬಿಟ್ಟು ಅವಳ ಕಡೆ ತಿರುಗಿ ಏನೋ ಕೇಳಿದರು. ಮಾಸ್ತರು ದಾಟಿಸಿದರು. ವಾರಿಜ ನನಗೆ ಹೇಳಲಿಲ್ಲ, ನೇರವಾಗಿ ಅವರಿಗೇ ಉತ್ತರ ಕೊಟ್ಟಳು. ಮಾಸ್ತರು ಅದನ್ನು ಅಜ್ಜಿಗೆ ಹೇಳುವ ಮೊದಲು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. ಗೋಡೆಗೊರಗಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಅಷ್ಟು ಜನರಲ್ಲಿ ವಿಷಯ ಗೊತ್ತಿಲ್ಲದವನು ಮತ್ತೆ ನಾನೊಬ್ಬನೇ.

"ಎಂತ ಕೇಳಿದ್ದು ಅವರು?"

"ಆ ಹುಡುಗಿ ಹಡಗಿನಡಿ ಮಲಗುವ ಮೊದಲು ಎಂತ ಹೇಳಿದಳು ಅಂತ ಕತೆಯಲ್ಲಿ ಯಾರೂ ಹೇಳುದಿಲ್ಲ, ನೀನು ಎಂತ ಹೇಳ್ತಿ ಅಂತ ಕೇಳಿದ್ರು."

"ನೀನು ಎಂತ ಹೇಳಿದ್ದು?"

"ಬೇಡ ಅಂತ ಹೇಳಿದೆ. ಪದ್ದು ನನಗೆ ತಮ್ಮ, ಮಾವ. ಒಂದೇ ಬಟ್ಟಲಲ್ಲಿ ಉಂಡವರು ನಾವು. ಅವನನ್ನು ಕೈ ಹಿಡಿದು ಶಾಲೆಗೆ ಕರ್ಕೊಂಡು ಹೋದವಳು ನಾನು. ಅವನ ಹೆಂಡತಿ ಆಗ್ಲಿಕ್ಕೆ ನನ್ನಿಂದ ಆಗುದಿಲ್ಲ."

ಎರಡು ದಿನದಿಂದ ಪರರ ಮಾತನ್ನು ನನಗೆ ತಲುಪಿಸುತ್ತಿದ್ದ ಅದೇ ದನಿಯಲ್ಲಿ ಹೇಳಿದಳು.

"ಮನೆ ಎರಡಾಗ್ತದೆ, ಗೊತ್ತುಂಟಾ ನಿನಗೆ?"

"ಗೊತ್ತುಂಟು."

"ಊರಲ್ಲೇ ಹೇಳ್ಬಹುದಿತ್ತಲ್ಲ?"

"ಊರಲ್ಲಿ ಯಾರು ಕೇಳಿದ್ದು ಮಾವ?"

ಆ ಕೊನೆಯ ಮಾತನ್ನು ಅವಳು ಮಾಸ್ತರಿಗೆ ಇಂಗ್ಲಿಷಿನಲ್ಲಿ ಹೇಳಲಿಲ್ಲ. ನಾನು ಎದ್ದು ಹೊರಗೆ ಹೋದೆ.

ಮೂರನೇ ದಿನ

ನನಗೆ ಸಿಟ್ಟು ಬಂದರೆ ಊಟ ಬಿಡುವ ಚಾಳಿ. ಊರಿನಲ್ಲಾದರೆ ಹೆಂಗಸರು ಬಂದು ಕರೆಯುತ್ತಾರೆ, ನಾನು ಎರಡು ಸಲ ಬೇಡ ಎಂದು ಮೂರನೆಯ ಸಲ ಏಳುತ್ತೇನೆ. ಅಲ್ಲಿ ಒಂದು ಸಲ ಬೇಡ ಎಂದರೆ ತಟ್ಟೆ ಒಯ್ದೇಬಿಟ್ಟರು. ಹಸಿದ ಹೊಟ್ಟೆಯಲ್ಲೇ ಕಾಚು ಬೇಯಿಸುವ ಕೊಟ್ಟಿಗೆಗೆ ಹೋದೆ. ಕಾಚಿನ ಗಿಡದ ಸೊಪ್ಪನ್ನು ಕಡಾಯಿಯಲ್ಲಿ ಬೇಯಿಸಿ, ಹಗ್ಗ ಸುತ್ತಿ ಹಿಂಡಿ, ರಸದ ಗಸಿ ತಳಕ್ಕೆ ಇಳಿದ ಮೇಲೆ ಅದನ್ನು ಬಿದಿರಿನ ಅಚ್ಚಿಗೆ ತುಂಬುತ್ತಾರೆ. ಚೊಕ್ಕ ಕೆಲಸ. ಮಣ್ಣು ಸೇರುವುದು ಇಲ್ಲಲ್ಲ, ದಾರಿಯಲ್ಲಿ ಎಂದು ಕಣ್ಣಾರೆ ಕಂಡೆ. ಬಂದ ಕೆಲಸ ಆಯಿತು, ಆದರೆ ಸಂತೋಷವಾಗಲಿಲ್ಲ.

ಅಜ್ಜಿ ಕೋಲೂರಿಕೊಂಡು ಅಲ್ಲಿಗೇ ಬಂದರು. ಬಾಳೆಲೆಯಲ್ಲಿ ಕರಿದ ಬಾಳೆಹಣ್ಣು ತಂದಿದ್ದರು. ಜೊತೆಗೆ ಮಾಸ್ತರೂ ಇಲ್ಲ, ವಾರಿಜಳೂ ಇಲ್ಲ. ನಾವಿಬ್ಬರೂ ಒಂದು ಮರದ ದಿಮ್ಮಿಯ ಮೇಲೆ ಕುಳಿತು ತಿಂದೆವು. ಅವರು ಅವರ ಭಾಷೆಯಲ್ಲಿ ಏನೋ ಹೇಳಿದರು, ನಾನು ತುಳುವಿನಲ್ಲಿ ನನ್ನ ಸಂಕಟ ಹೇಳಿಕೊಂಡೆ. ಹೇಳುತ್ತಾ ಹೇಳುತ್ತಾ ನನಗೇ ತಿಳಿಯಿತು. ಅವಳು ಬೇಡ ಎಂದದ್ದು ನನ್ನನ್ನು ಅಷ್ಟು ನೋಯಿಸಿರಲಿಲ್ಲ. ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವಳು ಒಂದು ವಾರ ನನ್ನ ತಲೆ ಹಿಡಿದು ಗಂಜಿ ಕುಡಿಸಿದ್ದಳು. ಅದನ್ನು ನೆನೆದು ಕಣ್ಣು ತುಂಬಿತು. ಅಜ್ಜಿ ನೋಡಿಯೂ ನೋಡದವರ ಹಾಗೆ ಇನ್ನೊಂದು ಬಾಳೆಹಣ್ಣನ್ನು ನನ್ನ ಕಡೆ ಸರಿಸಿದರು.

ಸಂಜೆ ವಾರಿಜ ಅಂಗಳದಲ್ಲಿ ಸಿಕ್ಕಿದಳು. ಕಣ್ಣು ಊದಿಕೊಂಡಿತ್ತು.

"ಕೋಪ ಉಂಟಾ ಮಾವ?"

"ಉಂಟು," ಎಂದೆ. "ಆದ್ರೆ ನಿನ್ನ ಮೇಲಲ್ಲ. ನಿಶ್ಚಯ ಇಲ್ಲ, ಆಯ್ತಾ? ನಿನ್ನ ಅಮ್ಮನಿಗೆ ನಾನೇ ಹೇಳ್ತೇನೆ."

ಅವಳು ನನ್ನ ಕೈಯನ್ನು ಹಣೆಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ. ಹೊರದೇಶದಲ್ಲಿ ಅಳುವುದು ಸುಲಭ, ಪರಿಚಯದವರು ಯಾರೂ ಇರುವುದಿಲ್ಲ.

ಪಂಜ

ಪುತ್ತೂರು ಬಸ್ಸು ನಿಲ್ದಾಣಕ್ಕೆ ಪದ್ಮನಾಭ ಜೀಪು ತಂದಿದ್ದ. ಕಾಣಿಯೂರು ದಾಟುವ ಮೊದಲೇ ಅವನಿಗೆ ವಿಷಯ ಹೇಳಿದೆ. ಅವನು ಜೀಪನ್ನು ಬದಿಗೆ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ತಲೆಯಿಟ್ಟು, ಹಿಂದೆ ಕೂತಿದ್ದ ವಾರಿಜಳಿಗೆ "ಅಬ್ಬ, ಬದುಕಿದೆ ಅಕ್ಕ," ಎಂದ. ನನ್ನ ಕಡೆ ನೋಡುವ ಧೈರ್ಯ ಅವನಿಗಿರಲಿಲ್ಲ. ಆ ಅಕ್ಕ ಎಂಬ ಶಬ್ದವನ್ನು ಇಪ್ಪತ್ತು ವರ್ಷದಿಂದ ದಿನವೂ ಕೇಳಿದವನು ನಾನು.

ಇನ್ನುಳಿದದ್ದು ಲೀಲಾ. ಮನೆ ಎರಡಾದರೆ ಗಂಡನಿಲ್ಲದ ಅವಳಿಗೇ ಹೆಚ್ಚು ಕಷ್ಟ. ಕೂಗಾಡಬಹುದು, ಮಗಳಿಗೆ ಹೊಡೆಯಲೂಬಹುದು ಎಂದು ದಾರಿಯಿಡೀ ಮಾತು ಜೋಡಿಸಿಕೊಂಡು ಬಂದಿದ್ದೆ. ಅವಳು ಅಡುಗೆಮನೆಯಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದಳು. ನಾನು ಎದುರಿಗೆ ಮಣೆ ಹಾಕಿ ಕುಳಿತು, ಜೋಡಿಸಿದ ಮಾತೆಲ್ಲ ಮರೆತು, "ವಾರಿಜ ಬೇಡ ಅಂತಾಳೆ," ಎಂದೆ.

ಲೀಲಾಳ ಕೈ ನಿಂತಿತು.

"ಅವಳ ಹತ್ರ ನೀನು ಕೇಳಿದ್ಯಾ ಅಣ್ಣ?"

ಹೌದು ಎಂದುಬಿಡಬಹುದಿತ್ತು.

"ನಾನಲ್ಲ," ಎಂದೆ. "ಅಲ್ಲಿಯ ಒಬ್ಬರು ಅಜ್ಜಿ ಕೇಳಿದ್ದು."

"ಒಂದು ಮಾತು ಕೇಳ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾಯ್ತಾ?"

ಅವಳು ಮತ್ತೆ ಬೀಜ ಸುಲಿಯತೊಡಗಿದಳು. ಕೂಗಾಡಲಿಲ್ಲ. ಅವಳು ಮದುವೆಯಾದಾಗ ಅವಳಿಗೆ ಹದಿನಾರು. ಆಗ ಯಜಮಾನರಾಗಿದ್ದ ನಮ್ಮ ದೊಡ್ಡಮಾವ ಚಾವಡಿಯಲ್ಲಿ ಕುಳಿತು, ಮುಂದೆ ಯಜಮಾನನಾಗುವವನು ಎಂದು, ಇಪ್ಪತ್ತೆರಡರ ನನ್ನನ್ನು ಕರೆದು, ಈ ಸಂಬಂಧಕ್ಕೆ ನೀನು ಎಂತ ಹೇಳ್ತಿ ಎಂದು ಕೇಳಿದ್ದರು. ಆಗಬಹುದು ಎಂದು ನಾನು ಹೇಳಿದ್ದೆ. ನನ್ನನ್ನು ಕೇಳಿದರಲ್ಲ ಎಂಬ ಹೆಮ್ಮೆಯಲ್ಲಿ ಆ ದಿನವಿಡೀ ಎದೆ ಸೆಟೆದು ಓಡಾಡಿದ್ದೆ. ಲೀಲಾ ಆಗ ಇದೇ ಅಡುಗೆಮನೆಯಲ್ಲಿ, ಬಾಗಿಲಿನ ಆಚೆಗೇ ಇದ್ದಳು.

"ಲೀಲಾ, ಆಗ ನಿನ್ನನ್ನು ಕೇಳಿದ್ರೆ ನೀನು ಎಂತ ಹೇಳ್ತಿದ್ದಿ?"

ಅವಳು ಸುಲಿದ ಬೀಜಗಳನ್ನು ಪಾತ್ರೆಗೆ ಹಾಕಿ, ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದಳು.

"ಗೊತ್ತಿಲ್ಲ ಅಣ್ಣ," ಎಂದಳು. "ಕೇಳಿದ್ರೆ ಯೋಚನೆ ಮಾಡ್ತಿದ್ದೆ."